ಅತ್ತಿಗೆಯ ಗ್ರೀಕ್ ಕಾಪಿ ಪುಸ್ತಕ

ಸೋಮವಾರ, ಅಥೆನ್ಸ್

ಬಂದಿಳಿದ ಮರುದಿನ ಬೆಳಗ್ಗೆ ಹೊರಗೆ ಹೊರಟರೆ ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಬೇಕರಿಯೊಂದು ಮಾತ್ರ ತೆರೆದಿತ್ತು, ಅದರ ಮುಂದೆ ಸಾಲು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸ ಶುರುವಾಗುವ ‘ಶುದ್ಧ ಸೋಮವಾರ’ ಅದು, ದೇಶಕ್ಕೆಲ್ಲ ರಜೆ. ಸಾಲಿನಲ್ಲಿದ್ದವರೆಲ್ಲ ಕೊಳ್ಳುತ್ತಿದ್ದುದು ಒಂದೇ ತಿನಿಸು: ಆ ದಿನಕ್ಕೆಂದೇ ಬೇಯಿಸುವ, ಎಳ್ಳು ಉದುರಿಸಿದ ಚಪ್ಪಟೆ ಬ್ರೆಡ್ಡು, ಲಗಾನ. ನಮ್ಮ ಸರದಿ ಬಂದಾಗ ಅತ್ತಿಗೆ ಕನ್ನಡಕ ಸರಿಮಾಡಿಕೊಂಡು, ಹಾಜರಿ ಕರೆಯುವ ದನಿಯಲ್ಲಿ, “ಕಲಿಮೇರ. ಮೀಯ ಲಗಾನ, ಪರಕಲೋ” ಎಂದರು. ನಮಸ್ಕಾರ, ಒಂದು ಲಗಾನ, ದಯವಿಟ್ಟು. ಅಂಗಡಿಯಾಕೆ ಇವರ ಸೀರೆಯನ್ನೊಮ್ಮೆ ಮುಖವನ್ನೊಮ್ಮೆ ನೋಡಿ, ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟು, “ಕಲೀ ಸರಕೊಸ್ತೀ” ಎಂದಳು. ಇದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಹೊರಗೆ ಬಂದು ಮೊಬೈಲಿನಲ್ಲಿ ಹುಡುಕಿ ಬರೆದುಕೊಂಡೆವು: ಉಪವಾಸದ ನಲವತ್ತು ದಿನ ಚೆನ್ನಾಗಿ ಕಳೆಯಲಿ ಎಂಬ ಹಾರೈಕೆ. ಗ್ರೀಕರಿಗೆ ಹಾರೈಸಲು ನೆಪ ಸಾಕು. ವಾರ ಶುರುವಾದರೆ ‘ಕಲೀ ವ್ದೊಮಾದ’, ತಿಂಗಳು ಹುಟ್ಟಿದರೆ ‘ಕಲೋ ಮೀನ’, ಊಟಕ್ಕೆ ಕೂತರೆ ‘ಕಲೀ ಓರೆಕ್ಸಿ’.

ಅತ್ತಿಗೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಅಣ್ಣನಿಗೆ ವಿಮಾನವೆಂದರೆ ಆಗದು. ಹಾಗಾಗಿ ಅವರೊಂದಿಗೆ ಹೊರಡುವ ಭಾಗ್ಯ ನನಗೆ ಬಂತು. ಚಳಿಗಾಲದ ಸಂಜೆಗಳಲ್ಲಿ ಮೈಸೂರಿನ ಮನೆಯ ಪಡಸಾಲೆಯಲ್ಲಿ ಕೂತು ಇಬ್ಬರೂ ಮೊಬೈಲ್ ಪಾಠಗಳನ್ನು ಕೇಳಿದೆವು. ಕೇಳಿದ್ದನ್ನೆಲ್ಲ ಅತ್ತಿಗೆ ಕಾಪಿ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಗ್ರೀಕರ ಕ, ತ, ಪ ನಮ್ಮ ಕ, ತ, ಪಗಳೇ, ಉಸಿರು ಬೆರೆಸುವಂತಿಲ್ಲ. ಸ್ವರಗಳು ಐದೇ: ಅ, ಎ, ಇ, ಒ, ಉ. ಇಂದಿನ ಗ್ರೀಕಿನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ. ಆದರೆ ಪದದಲ್ಲಿ ಒಂದು ಸ್ವರವನ್ನು ಒತ್ತಿ ಹೇಳಬೇಕು, ಕನ್ನಡದ ನಾಲಿಗೆಗೆ ಈ ಅಭ್ಯಾಸವಿಲ್ಲ. ಗ್ರೀಕರು ಆ ಸ್ವರದ ಮೇಲೆ ಒಂದು ಓರೆಗೆರೆ ಹಾಕುತ್ತಾರೆ. ಹಿಂದೆ ಬಗೆಬಗೆಯ ಗೆರೆಗಳಿದ್ದವು. 1982ರಲ್ಲಿ ಅವನ್ನೆಲ್ಲ ಬಿಟ್ಟು ಒಂದನ್ನೇ ಉಳಿಸಿಕೊಂಡರು. ಕನ್ನಡದಲ್ಲಿ ಅದನ್ನು ತೋರಿಸುವುದು ಹೇಗೆ? ಅತ್ತಿಗೆ ಸುಮ್ಮನೆ ಆ ಸ್ವರವನ್ನು ದೀರ್ಘ ಮಾಡಿಬಿಟ್ಟರು. ಗ್ರೀಕಿಗೆ ಬೇಡವಾದ ದೀರ್ಘ ನಮ್ಮಲ್ಲಿ ಬಿಡುವಾಗಿಯೇ ಇತ್ತಲ್ಲ. ‘ಪೋತೆ’ ಎಂದರೆ ಯಾವಾಗ, ‘ಪೊತೇ’ ಎಂದರೆ ಎಂದೆಂದಿಗೂ ಇಲ್ಲ. ‘ಜಾಮಿ’ ಕಿಟಕಿಯ ಗಾಜು, ‘ಜಮೀ’ ಮಸೀದಿ. ‘ಕಲೋಸ್’ ಒಳ್ಳೆಯವನು, ‘ಕಾಲೊಸ್’ ಅಂಗಾಲಿನ ಆಣಿ. “ಇದು ಮರೆಯುವುದಿಲ್ಲ ಬಿಡು, ಕಾಲು ಅದರಲ್ಲೇ ಇದೆ” ಎಂದರು. ಇಲ್ಲಿ ನಾನು ಬರೆಯುವ ಗ್ರೀಕ್ ಮಾತುಗಳೆಲ್ಲ ಅವರ ಪದ್ಧತಿಯವೇ. ದೀರ್ಘ ಕಂಡಲ್ಲಿ ಒತ್ತಿ ಓದಿಕೊಳ್ಳಬೇಕು.

ಮಧ್ಯಾಹ್ನ ಫಿಲೊಪಾಪ್ಪು ಗುಡ್ಡಕ್ಕೆ ಹೋದೆವು. ಶುದ್ಧ ಸೋಮವಾರ ಗಾಳಿಪಟದ ದಿನವೂ ಹೌದು. ಎದುರಿಗೆ ಅಕ್ರೊಪೊಲಿಸ್, ಮೇಲೆ ಬಣ್ಣದ ಪಟಗಳು, ಮರದ ಬುಡಗಳಲ್ಲಿ ಚಾದರ ಹಾಸಿ ಊಟಕ್ಕೆ ಕೂತ ಕುಟುಂಬಗಳು. ಪಕ್ಕದ ಗುಂಪಿನ ಹೆಂಗಸೊಬ್ಬರು ನಮ್ಮ ಲಗಾನ ನೋಡಿ ನಕ್ಕು, ಡಬ್ಬಿ ತೆರೆದು ಕಂದು ಬಣ್ಣದ ತುಂಡುಗಳನ್ನು ನೀಡಿದರು. ‘ಖಲ್ವಾಸ್’. ಬಾಯಿಗಿಟ್ಟರೆ ನಮ್ಮ ಸಜ್ಜಿಗೆ, ತುಪ್ಪದ ಬದಲು ಆಲಿವ್ ಎಣ್ಣೆಯಲ್ಲಿ ಹುರಿದ ರವೆ. ಅತ್ತಿಗೆ ಬೆರಳು ಮಡಚಿ ತೆರೆದು ಅಳತೆ ಕೇಳಿದರು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಉತ್ತರ ಸಲೀಸಾಗಿ ಬಂತು: “ಏನ, ದೀಯೊ, ತ್ರೀಯ, ತೇಸೆರ.” ಒಂದು ಪಾಲು ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ಗ್ರೀಸಿನ ಮನೆಮನೆಯಲ್ಲೂ ಈ ಖಲ್ವಾಸ್‌ನ ಲೆಕ್ಕ ಇದೇ. ಆ ಕ್ಷಣಕ್ಕೆ ಅಂಕಿಗಳು ನಮ್ಮ ನಾಲಿಗೆಗೆ ಅಂಟಿಕೊಂಡವು. ಪಡಸಾಲೆಯ ಪಾಠ ಮಾಡದ ಕೆಲಸವನ್ನು ಸಿಹಿಯ ಡಬ್ಬಿ ಮಾಡಿತು. ಸಕ್ಕರೆಗೆ ‘ಜಾಖರಿ’, ನೀರಿಗೆ ‘ನೆರೋ’. ನೆರೋ ನಮ್ಮ ನೀರೇ ಎಂದು ಕುಣಿಯುವವರನ್ನು ನೋಡಿದ್ದೇನೆ. ಆದರೆ ಆ ಪದ ಬಂದದ್ದು ‘ತಾಜಾ’ ಎಂಬ ಅರ್ಥದ ಹಳೆಯ ಗ್ರೀಕ್ ಮಾತಿನಿಂದ.

ಮಂಗಳವಾರ, ಅಥೆನ್ಸ್

ಮೆಟ್ರೊ ನಿಲ್ದಾಣದಲ್ಲಿ ಅತ್ತಿಗೆಯದೇ ರಾಜ್ಯ. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದ ಥೀಟಾ, ಸಿಗ್ಮಾ, ಡೆಲ್ಟಾಗಳೆಲ್ಲ ಇಲ್ಲಿ ಗೋಡೆಯ ಮೇಲೆ ಊರಿನ ಹೆಸರುಗಳಾಗಿ ನಿಂತಿವೆ. ಬಾಗಿಲ ಮೇಲಿನ ಹಸಿರು ಫಲಕವನ್ನು ಅವರು ಸಮೀಕರಣ ಓದುವಂತೆ ಒಂದೊಂದೇ ಅಕ್ಷರ ಬಿಡಿಸಿದರು; ಮೂರು ಅಡ್ಡಗೆರೆಯ ಕ್ಸಿ, ತ್ರಿಕೋನದ ಡೆಲ್ಟಾ, ಕೊನೆಗೆ ಸಿಗ್ಮಾ, ‘ಏಕ್ಸೊದೊಸ್’, ಹೊರದಾರಿ. ನನಗೆ ಅಡ್ಡಿಯಾದದ್ದು ನನ್ನ ಇಂಗ್ಲಿಷ್. ಅದರ ‘ಪಿ’ಯಂತೆ ಕಾಣುವುದು ಇಲ್ಲಿ ‘ರ’, ‘ಎಚ್’ನಂತೆ ಕಾಣುವುದು ‘ಇ’, ಚಿಕ್ಕ ‘ವಿ’ಯಂತೆ ಕಾಣುವುದು ‘ನ’. ಇ ಎಂಬ ಒಂದೇ ಸ್ವರವನ್ನು ಬರೆಯಲು ಇವರಿಗೆ ಐದಾರು ದಾರಿಗಳಿವೆ. ಗಣಿತದ ಹೆಸರುಗಳೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ನಮ್ಮ ಬೀಟಾ ಇಲ್ಲಿ ‘ವೀತ’, ಪೈ ಇಲ್ಲಿ ‘ಪಿ’. ‘ಬ’ ಎಂದು ಬರೆಯಬೇಕಾದರೆ ಮ್ಯೂ, ಪೈ ಎರಡನ್ನೂ ಅಕ್ಕಪಕ್ಕ ನಿಲ್ಲಿಸಬೇಕು. ರೈಲಿನಲ್ಲಿ ದನಿಯೊಂದು “ಎಪೋಮೆನಿ ಸ್ತಾಸಿ” ಎನ್ನುತ್ತಲೇ ಇರುತ್ತದೆ, ಮುಂದಿನ ನಿಲ್ದಾಣ. ಖರ್ಚಿಲ್ಲದೆ ಉಚ್ಚಾರ ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಅಕ್ರೊಪೊಲಿಸ್ ನೋಡಿದೆವು. ಅದರ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ಅಥಿನಾಸ್ ಬೀದಿಯ ಸಂತೆಯ ಕಥೆ. ಬೀದಿಯ ಒಂದು ಬದಿಗೆ ವರ್ವಾಕಿಯೊಸ್ ಮಾರುಕಟ್ಟೆ, ಮಾಂಸ ಮೀನುಗಳದ್ದು. ಅತ್ತಿಗೆ ಆ ಕಡೆ ಮುಖ ಹಾಕಲಿಲ್ಲ. ಎದುರು ಬದಿಗೆ ತರಕಾರಿ, ಹಣ್ಣು, ಪೀಪಾಯಿಗಳಲ್ಲಿ ಆಲಿವ್ ಕಾಯಿ. ನಮ್ಮ ಬಳಿ ಪ್ರವಾಸಿಗರ ಮಾತುಗಳ ಒಂದು ಕಿರುಪುಸ್ತಕವಿತ್ತು. ‘ಹತ್ತಿರದ ಔಷಧಿ ಅಂಗಡಿಗೆ ಹೇಗೆ ಹೋಗಬೇಕು?’ ‘ಈ ಊರಿನ ವಿಶೇಷವೇನು?’ ಇಂಥ ವಾಕ್ಯಗಳೇ ಅದರ ತುಂಬ. ಅವುಗಳಲ್ಲಿ ಒಂದನ್ನು ನಾನು ಅಂದವಾಗಿ ಒಪ್ಪಿಸಿದೆ. ವ್ಯಾಪಾರಿಗೆ ಖುಷಿಯಾಗಿ ಎರಡು ಕೈಯನ್ನೂ ಆಡಿಸುತ್ತ ಪುಟಗಟ್ಟಲೆ ಉತ್ತರ ಕೊಟ್ಟ. ನಾವು ತಲೆದೂಗಿ ಈಚೆ ಬಂದೆವು. “ಉತ್ತರ ತಿಳಿಯದ ಮೇಲೆ ಪ್ರಶ್ನೆ ಯಾಕೆ ಕೇಳುತ್ತೀಯ?” ಎಂದರು ಅತ್ತಿಗೆ. ಅವರದು ಗಣಿತದ ಮೇಷ್ಟರ ಸಿಟ್ಟು, ಆದರೆ ಮಾತು ನ್ಯಾಯವಾದದ್ದು. ಅಂದಿನಿಂದ ನಮ್ಮ ನಿಯಮ ಇಷ್ಟೇ: ಉತ್ತರ ಒಂದು ಅಂಕಿ, ಒಂದು ದಿಕ್ಕು ಅಥವಾ ಹೌದು, ಇಲ್ಲ ಆಗಿ ಬರುವಂಥ ಪ್ರಶ್ನೆಯನ್ನೇ ಕೇಳುವುದು. ಕಿರುಪುಸ್ತಕ ಚೀಲದ ತಳ ಸೇರಿತು.

ಹೌದು, ಇಲ್ಲಗಳಲ್ಲೂ ಎಚ್ಚರ ಬೇಕು. ‘ನೆ’ ಎಂದರೆ ಹೌದು, ‘ಓಹಿ’ ಎಂದರೆ ಇಲ್ಲ. ಹಿಂದಿಯ ‘ನಹೀ’ ಕಿವಿಯಲ್ಲಿರುವವರಿಗೆ ‘ನೆ’ ತಿರುವುಮುರುವಾಗಿ ಕೇಳುತ್ತದೆ. ಅನೇಕ ಗ್ರೀಕರು ಬಾಯನ್ನೇ ತೆರೆಯದೆ ಗದ್ದ ಮೇಲೆತ್ತಿ ‘ಚ್’ ಎಂದುಬಿಡುತ್ತಾರೆ. ಇಂಗ್ಲಿಷರ ಪ್ರವಾಸ ಪುಸ್ತಕಗಳು ಇದನ್ನು ದೊಡ್ಡ ರಹಸ್ಯವೆಂಬಂತೆ ವಿವರಿಸುತ್ತವೆ. ನಮ್ಮಲ್ಲಿ ಕೆಲಸ ಆಗಲಿಲ್ಲ ಎನ್ನುವುದಕ್ಕೆ ‘ಚ್’ ಎನ್ನದವರು ಯಾರಿದ್ದಾರೆ?

ಅಂಕಿಯ ಪ್ರಶ್ನೆಯೆಂದರೆ ‘ಪೋಸೊ ಕಾನಿ;’ ಎಷ್ಟಾಗುತ್ತದೆ. ಗ್ರೀಕಿನಲ್ಲಿ ಪ್ರಶ್ನೆಯ ಚಿಹ್ನೆ ನಮ್ಮ ಅರ್ಧವಿರಾಮದ ರೂಪದ್ದು, ಅದನ್ನೂ ಅತ್ತಿಗೆ ಹಾಗೆಯೇ ಇಳಿಸಿಕೊಂಡಿದ್ದಾರೆ. ಆಲಿವ್ ಮಾರುವವನು “ಪೆಂದೇಮಿಸಿ” ಎಂದ. ಪೇಂದೆ ಐದು, ಬಾಲದ ‘ಮಿಸಿ’ ಅರ್ಧ. ಐದೂವರೆ ಯೂರೊ ಕಿಲೊಗೆ. ಯೂರೊ ಅಂದರೆ ಇಲ್ಲಿ ‘ಎವ್ರೋ’. ಒಂದೂವರೆಗೆ ‘ಎನಾಮಿಸಿ’, ಎರಡೂವರೆಗೆ ‘ದ್ಯೋಮಿಸಿ’, ಮೂರೂವರೆಗೆ ‘ತ್ರಿಯಾಮಿಸಿ’. ಸಂತೆಯಲ್ಲಿ ಬೆಳೆದ ಭಾಷೆಗಳಿಗೆ ‘ವರೆ’ ಬೇಕೇ ಬೇಕು. ಅತ್ತಿಗೆ ಖುಷಿಯಿಂದ ಅಂಗಡಿಯಿಂದ ಅಂಗಡಿಗೆ ಹೋಗಿ ಕೊಳ್ಳುವ ಉದ್ದೇಶವೇ ಇಲ್ಲದ ಸಾಮಾನುಗಳ ಬೆಲೆ ವಿಚಾರಿಸಿದರು. ಕೊನೆಗೆ ಮರ್ಯಾದೆಗಾಗಿ ‘ಮಿಸೋ ಕಿಲೋ’, ಅರ್ಧ ಕಿಲೊ ಆಲಿವ್ ಕೊಂಡೆವು.

ಕಾಫಿ ಕೇಳಲು ಒಂದೇ ಪದ ಸಾಕು. ಚಿಕ್ಕ ಹಿಡಿಕೆಯ ಪಾತ್ರೆಯಲ್ಲಿ ಪುಡಿಯನ್ನೂ ಸಕ್ಕರೆಯನ್ನೂ ನೀರನ್ನೂ ಒಟ್ಟಿಗೇ ಕಾಯಿಸುವುದರಿಂದ ಸಿಹಿ ಎಷ್ಟೆಂದು ಮೊದಲೇ ಹೇಳಬೇಕು: ಬೇಡವೆಂದರೆ ‘ಸ್ಕೇತೊ’, ಹದಕ್ಕೆ ‘ಮೇತ್ರಿಯೊ’, ಹೆಚ್ಚಿಗೆ ‘ಗ್ಲಿಕೋ’. ಹಾಲು ಇಲ್ಲ. ತಳದಲ್ಲಿ ಪುಡಿಯ ಗಸಿ ನಿಲ್ಲುತ್ತದೆ, ಅದನ್ನು ಕುಡಿಯುವಂತಿಲ್ಲ. ಫಿಲ್ಟರ್ ಕಾಫಿಯ ಮನೆತನದ ಅತ್ತಿಗೆ ಒಂದು ಗುಟುಕು ಕುಡಿದು, “ಡಿಕಾಕ್ಷನ್ ಇಳಿಸಲು ಇವರಿಗೆ ಪುರುಸೊತ್ತಿಲ್ಲ” ಎಂದು ತೀರ್ಪು ಕೊಟ್ಟರು.

ಬುಧವಾರ, ನಾಫ್‌ಪ್ಲಿಯೊ

ಒಮೋನಿಯಾ ಬಳಿ 051 ನಂಬರಿನ ಬಸ್ ಹಿಡಿದು ಕಿಫಿಸೊಸ್ ಬಸ್ ನಿಲ್ದಾಣಕ್ಕೆ ಹೋದೆವು. ಗ್ರೀಸಿನ ದಕ್ಷಿಣದ ಪರ್ಯಾಯದ್ವೀಪವಾದ ಪೆಲೊಪೊನೀಸ್ ಕಡೆಯ ಬಸ್ಸುಗಳು ಹೊರಡುವುದು ಅಲ್ಲಿಂದ. ಟಿಕೆಟ್ ಕಿಂಡಿಗಳ ಮೇಲೆ ಊರ ಹೆಸರುಗಳು. “ದೀಯೊ ಇಸಿತೀರಿಯ ಯ ನಾಫ್‌ಪ್ಲಿಯೊ” ಎಂದು ಎರಡು ಟಿಕೆಟ್ ಕೊಂಡು, “ತಿ ಓರ ಫೇವ್ಯಿ;” ಎಂದು ಕೇಳಿದೆವು, ಎಷ್ಟು ಹೊತ್ತಿಗೆ ಹೊರಡುತ್ತದೆ. “ಸ್ತಿಸ್ ದೇಕ ಕೆ ಮಿಸೀ.” ಹತ್ತೂವರೆಗೆ. ‘ಪೋತೆ’ ಎಂದೂ ಕೇಳಬಹುದಿತ್ತು. ಆದರೆ ಒತ್ತು ಜಾರಿದರೆ ಬಸ್ಸು ಎಂದೆಂದಿಗೂ ಹೊರಡುವುದಿಲ್ಲ ಎಂದಾಗುತ್ತದೆ. ‘ತಿ ಓರ’ ಕೇಳಿದರೆ ಆ ಭಯವಿಲ್ಲ. ಜ್ಯೋತಿಷದ ಹೋರಾ ಈ ‘ಓರ’ದ ಹಳೆಯ ರೂಪದಿಂದ ಬಂದದ್ದು. ನಾಫ್‌ಪ್ಲಿಯೊ ಊರೊಳಗೆ ಬಸ್ಸು ತಿರುಗುವಾಗ ಬಾಣದ ಗುರುತಿನೊಂದಿಗೆ ಬರೆದ ಇನ್ನೊಂದು ನೆಂಟ ಪದ ಸಿಕ್ಕಿತು: ‘ಕೇಂದ್ರೊ’, ಊರಿನ ಮಧ್ಯಭಾಗ. ಕೇಂದ್ರ ಸರಕಾರ ಎನ್ನುವಾಗ ನಾವು ಗ್ರೀಕ್ ಮಾತಾಡುತ್ತಿರುತ್ತೇವೆ.

ದಾರಿಯಲ್ಲಿ ಕೊರಿಂತ್ ಕಾಲುವೆ ಬಂದದ್ದೂ ಹೋದದ್ದೂ ಕಣ್ಣು ಮಿಟುಕಿಸುವುದರಲ್ಲಿ. 1893ರಲ್ಲಿ ಮುಗಿದ ಈ ಕಾಲುವೆ ಬಂಡೆಯನ್ನು ನೇರವಾಗಿ ಸೀಳಿ ಎರಡು ಕೊಲ್ಲಿಗಳನ್ನು ಸೇರಿಸುತ್ತದೆ.

ನಾಫ್‌ಪ್ಲಿಯೊ 1829ರಿಂದ 1834ರವರೆಗೆ ಗ್ರೀಸಿನ ರಾಜಧಾನಿಯಾಗಿತ್ತು. ಈಗ ಸಮುದ್ರದಂಚಿನ ಚೊಕ್ಕ ಊರು, ತಲೆಯ ಮೇಲೆ ವೆನಿಸಿನವರು ಕಟ್ಟಿದ ಪಲಮೀದಿ ಕೋಟೆ. ಕೋಟೆಗೆ 999 ಮೆಟ್ಟಿಲು ಎಂದು ಊರವರ ಮಾತು. ಅತ್ತಿಗೆ ಗ್ರೀಕಿನಲ್ಲಿ ಎಣಿಸುತ್ತ ಹತ್ತಲು ಹೊರಟರು. ‘ಎಕತೋ’, ನೂರು ಬಂದಾಗಲೆಲ್ಲ ಒಂದು ಆಲಿವ್ ಬೀಜವನ್ನು ಜೇಬಿಗೆ ಹಾಕಿಕೊಳ್ಳುವುದು, ಮತ್ತೆ ಏನದಿಂದ ಶುರು. ನಾನು ಕೆಳಗೆ ನೆರಳಿನಲ್ಲಿ ಕೂತು ಮೇತ್ರಿಯೊ ತರಿಸಿಕೊಂಡೆ. ಇಳಿದು ಬಂದವರು ಏದುಸಿರು ಬಿಡುತ್ತ, “999 ಇಲ್ಲ, ಸುಳ್ಳು” ಎಂದರು. ಅವರ ಮುಖದಲ್ಲಿ ಸಮುದ್ರ ನೋಡಿದ್ದಕ್ಕಿಂತ ಹೆಚ್ಚಿನ ತೃಪ್ತಿಯಿತ್ತು.

ಗುರುವಾರ, ಎಪಿಡಾರಸ್

ಇಂಗ್ಲಿಷಿನ ಮೂಲಕ ಬಂದ ಹೆಸರುಗಳನ್ನು ಬಸ್ ನಿಲ್ದಾಣದಲ್ಲಿ ಬಳಸಿ ಪ್ರಯೋಜನವಿಲ್ಲ. ಎಪಿಡಾರಸ್ ಇವರಿಗೆ ‘ಎಪೀದವ್ರೊಸ್’. ಅದರಲ್ಲೂ ಸಮುದ್ರದ ದಡದ ಹಳ್ಳಿಯೊಂದು, ಪುರಾತನ ರಂಗಮಂದಿರದ ಜಾಗ ಇನ್ನೊಂದು, ಎರಡಕ್ಕೂ ಬಸ್ಸುಗಳಿವೆ. “ಸ್ತೊ ಥೇಯತ್ರೊ;” ರಂಗಮಂದಿರಕ್ಕೋ ಎಂದು ಚಾಲಕನನ್ನು ಕೇಳಿದರೆ “ನೆ, ನೆ” ಎಂದ. ಹತ್ತಿದೆವು.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕಟ್ಟಲು ಶುರುಮಾಡಿದ ಈ ಬಯಲು ರಂಗಮಂದಿರದಲ್ಲಿ 55 ಸಾಲು ಕಲ್ಲಿನ ಆಸನಗಳಿವೆ. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರಕ್ಕೆ ಗುಣವಾಗಲೆಂದು ಬಂದವರು ನಾಟಕವನ್ನೂ ನೋಡುತ್ತಿದ್ದರು. ನಾನು ತುದಿಯ ಸಾಲಿಗೆ ಹತ್ತಿದೆ. ಕೆಳಗೆ ವೃತ್ತದ ನಡುವಿನ ಕಲ್ಲಿನ ಮೇಲೆ ನಿಂತ ಅತ್ತಿಗೆ ದನಿ ಎತ್ತರಿಸದೆ “ಏನ, ದೀಯೊ, ತ್ರೀಯ, ತೇಸೆರ” ಎಂದರು. ಖಲ್ವಾಸ್‌ನ ಲೆಕ್ಕ ಒಂದಕ್ಷರ ಸೋರದೆ ನನ್ನ ಕಿವಿಗೆ ಬಂತು. ಅವರ ಹಿಂದೆ ಸರದಿಗೆ ಕಾದಿದ್ದ ಶಾಲಾ ಮಕ್ಕಳು “ಪೇಂದೆ, ಏಕ್ಸಿ, ಎಫ್ತಾ” ಎಂದು ಮುಂದುವರಿಸಿದರು.

ಮೇಲೆ ಕೂತಾಗ ಕನ್ನಡಿಗರು ಕೇಳಿರುವ ಆ ಹಳೆಯ ಪ್ರಹಸನ ನೆನಪಾಗದೆ ಇರಲಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಕ್ರಿಸ್ತಶಕ ಎರಡನೆಯ ಶತಮಾನದ್ದೆನ್ನುವ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ನಾಟಕದ ತುಣುಕಿದೆ. ಖರಿತಿಯಾನ್ ಎಂಬ ಗ್ರೀಕ್ ಹೆಣ್ಣು ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ದ್ರಾಕ್ಷಾರಸ ಕುಡಿಸಿ ಮತ್ತೇರಿಸುತ್ತಾರೆ. ರಾಜನ ಕಡೆಯವರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಅವರೂ ಅದರ ಹಿಂದೆ ಬಿದ್ದರು; ತುಳು ಎನ್ನುವವರಿದ್ದಾರೆ, ನಗಿಸಲು ಹೊಸೆದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ಜಗಳ ತೀರಿಲ್ಲ. ಅದು ಕನ್ನಡವೇ ಆಗಲಿ ಎಂಬ ಆಸೆ ನನಗೂ ಉಂಟು. ಆದರೆ ಆಸೆಯನ್ನು ಸಾಕ್ಷಿಯೆಂದು ಬರೆಯಲಾಗದು. ಆ ಕಾಲದ ನಾಟಕಕಾರನೊಬ್ಬ ಹೊರಗಿನವರ ಮಾತನ್ನು ಕಿವಿಗೆ ಬಿದ್ದಂತೆ ತನ್ನ ಲಿಪಿಯಲ್ಲಿ ಬರೆದುಕೊಂಡಿದ್ದಾನೆ ಎಂಬುದೇ ನನಗೆ ಮೋಜಿನದು. ಒತ್ತು ಎಲ್ಲಿ ಬೀಳುತ್ತದೆಂದು ಅವನೂ ತಲೆ ಕೆರೆದುಕೊಂಡಿರಬೇಕು.

ಶುಕ್ರವಾರ, ನಾಫ್‌ಪ್ಲಿಯೊ

ಸಸ್ಯಾಹಾರಿಗಳಿಗೆ ಗ್ರೀಸಿನಲ್ಲಿ ಬೇಕಾದ ಪದ ‘ಖೊರ್ತೊಫಾಗೊಸ್’ ಎಂದು ಪಾಠಗಳು ಹೇಳುತ್ತವೆ. ಸೊಪ್ಪು ತಿನ್ನುವವನು ಎಂದು ಅರ್ಥ. ಕೆಲಸ ನಡೆಯುತ್ತದೆ. ಆದರೆ ಉಪವಾಸದ ದಿನಗಳಲ್ಲಿ ಅದಕ್ಕಿಂತ ಬಲವಾದದ್ದು ‘ನಿಸ್ತೀಸಿಮೊ’, ಉಪವಾಸಕ್ಕೆ ಸಲ್ಲುವ ಅಡುಗೆ. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಅಡುಗೆಯವರಿಗೆ ಇದು ನಮ್ಮ ಹುಚ್ಚಾಟವಾಗಿ ಕಾಣುವುದಿಲ್ಲ, ಅವರದೇ ವ್ರತ. ಒಂದು ಅಪಾಯ ಮಾತ್ರ ಇದೆ: ರಕ್ತವಿಲ್ಲದ ಪ್ರಾಣಿಗಳೆಂಬ ಲೆಕ್ಕದಲ್ಲಿ ಸಿಗಡಿ, ಅಷ್ಟಪಾದಿಗಳೂ ನಿಸ್ತೀಸಿಮೊ. ಆದ್ದರಿಂದ ಅತ್ತಿಗೆಯ ಪೂರ್ತಿ ಮಂತ್ರ ಹೀಗಿತ್ತು: “ನಿಸ್ತೀಸಿಮೊ, ಖೊರೀಸ್ ಥಲಸಿನಾ.” ಉಪವಾಸದ್ದು, ಕಡಲಿನದು ಬೇಡ. ಊಟದ ಮನೆಯ ಹುಡುಗ “ಎಂದಾಕ್ಸಿ”, ಆಯಿತು ಎಂದು ಒಳಗೆ ಹೋಗಿ ದೊಡ್ಡ ಬಿಳಿ ಕಾಳಿನ ‘ಯೀಗಂದೆಸ್’, ಆಲೂಗಡ್ಡೆ ಬದನೆಗಳನ್ನು ಎಣ್ಣೆಯಲ್ಲಿ ಬೇಯಿಸಿದ ‘ಬ್ರಿಯಾಮ್’, ನಿಂಬೆರಸ ಹಿಂಡಿದ ಬೆಂದ ಸೊಪ್ಪು ‘ಖೋರ್ತ’ ತಂದಿಟ್ಟ. ಖಾರವಿಲ್ಲ. ಅತ್ತಿಗೆ ಚೀಲದಿಂದ ಚಟ್ನಿಪುಡಿ ತೆಗೆದದ್ದನ್ನು ಹುಡುಗ ಕುತೂಹಲದಿಂದ ನೋಡಿ ಕೈಚಾಚಿದ. ರುಚಿ ನೋಡಿ ಅವನು ಆಡಿದ ಮಾತು ಕಾಪಿ ಪುಸ್ತಕದಲ್ಲಿ ಇಲ್ಲ, ಕೇಳಿ ಬರೆದುಕೊಳ್ಳಲೂ ಇಲ್ಲ.

ಸಂಜೆ ಸಂತ ಜಾರ್ಜರ ಚರ್ಚಿಗೆ ಹೋದೆವು. ಉಪವಾಸ ಕಾಲದ ಶುಕ್ರವಾರಗಳಂದು ಮೇರಿಮಾತೆಯ ಸ್ತೋತ್ರ ಹಾಡುತ್ತಾರೆ. ಅದರ 24 ಪದ್ಯಗಳು ಗ್ರೀಕ್ ವರ್ಣಮಾಲೆಯ 24 ಅಕ್ಷರಗಳಿಂದ ಕ್ರಮವಾಗಿ ಶುರುವಾಗುತ್ತವೆ. ಮೊದಲ ಶುಕ್ರವಾರಕ್ಕೆ ಆರು. ಪಕ್ಕದಲ್ಲಿ ನಿಂತ ಹೆಂಗಸು ತನ್ನ ಪುಸ್ತಕವನ್ನು ಅತ್ತಿಗೆಯ ಕಡೆಗೂ ಹಿಡಿದರು. ಅರ್ಥ ದಕ್ಕದಿದ್ದರೂ ಪದ್ಯ ಬದಲಾದಾಗ ಅಕ್ಷರ ಬದಲಾಗುವುದು ಕಂಡು ಅತ್ತಿಗೆ ಬೆರಳಿಟ್ಟು ತೋರಿಸಿದರು: ಆಲ್ಫ, ವೀತ, ಗಾಮ, ದೇಲ್ತ, ಏಪ್ಸಿಲೊನ್, ಜೀತ. ಒಂದು ಬಿಟ್ಟು ಒಂದು ಪದ್ಯದಲ್ಲಿ ಸಾಲು ಸಾಲಿಗೂ ‘ಖೇರೆ’ ಎಂಬ ವಂದನೆ. ಚರ್ಚಿನ ಗ್ರೀಕ್ ಬೀದಿಯ ಗ್ರೀಕ್ ಅಲ್ಲ. ಹಾಡುವವರಿಗೂ ಎಲ್ಲ ತಿಳಿಯುತ್ತದೆಂದೇನಿಲ್ಲ. ಬಾಯಲ್ಲಿ ಒಂದು, ಬರಹದಲ್ಲಿ ಇನ್ನೊಂದು ಎಂಬ ಜಗಳ ಈ ದೇಶದಲ್ಲಿ ಬಹಳ ಕಾಲ ನಡೆಯಿತು. 1976ರಲ್ಲಿ ಆಡುಮಾತಿನ ಗ್ರೀಕ್‌ಗೆ ಅಧಿಕೃತ ಸ್ಥಾನ ಸಿಕ್ಕಿತು. ಬೋರ್ಡುಗಳಲ್ಲಿ ಹಳೆಯದರ ಕುರುಹು ಉಳಿದಿದೆ. ಬ್ರೆಡ್ಡನ್ನು ಎಲ್ಲರೂ ‘ಪ್ಸೊಮೀ’ ಎಂದೇ ಕೇಳಿ ಕೊಳ್ಳುತ್ತಾರೆ, ಅಂಗಡಿಯ ಹಣೆಯ ಮೇಲೆ ಮಾತ್ರ ‘ಅರ್ತೊಪಿಯೀಯೊ’. ಅದರಲ್ಲಿ ಪ್ಸೊಮೀಯ ಸುಳಿವೇ ಇಲ್ಲ. ನಮ್ಮಲ್ಲಿ ಹಾಲು ಕೊಳ್ಳುವ ಜಾಗಕ್ಕೆ ‘ಕ್ಷೀರ ಕೇಂದ್ರ’ ಎಂದು ಬರೆದಿರುವುದಿಲ್ಲವೇ?

ಶನಿವಾರ, ಈಜಿನಾ

ಬೆಳಗಿನ ಬಸ್ಸಿಗೆ ಹೊರಟು ಪಿರಿಯಸ್ ಬಂದರು ತಲುಪಿ, ಈಜಿನಾ ದ್ವೀಪದ ಹಡಗು ಹತ್ತಿದೆವು. ಇದೂ ಇಲ್ಲಿಯವರಿಗೆ ‘ಏಯಿನ’. ಈ ದ್ವೀಪ ಹೆಸರಾಗಿರುವುದು ಪಿಸ್ತಾಗೆ. ಹಡಗಿನಿಂದ ಇಳಿಯುವ ಮೊದಲೇ ಪಕ್ಕದ ಆಸನದ ಅಜ್ಜಿಯ ಚೀಲದಿಂದ ಒಂದು ಹಿಡಿ ನಮ್ಮ ಮಡಿಲಿಗೆ ಬಿತ್ತು. “ಎಫ್‌ಖರಿಸ್ತೋ” ಎಂದೆವು. ಧನ್ಯವಾದ ಹೇಳಿದ ತಪ್ಪಿಗೆ ಅಜ್ಜಿ ಸಂದರ್ಶನ ಶುರುಮಾಡಿದರು. “ಅಪೊ ಪೂ ಈಸ್ತೆ;” ಎಲ್ಲಿಂದ. ಇಂದೀಯ. “ಪೆದ್ಯಾ;” ಮಕ್ಕಳು? ಅತ್ತಿಗೆ “ದೀಯೊ” ಎಂದರು. “ಎಂಗೋನ್ಯ;” ಈ ಪದ ತಿಳಿಯಲಿಲ್ಲ. ಅಜ್ಜಿ ನೆಲದಿಂದ ಒಂದು ಮೊಳ ಎತ್ತರಕ್ಕೆ ಅಂಗೈ ಹಿಡಿದು, ಮತ್ತೆ ಅತ್ತಿಗೆಯ ಎದೆಗೆ ತೋರಿಸಿದರು. ಮೊಮ್ಮಕ್ಕಳು. “ತ್ರೀಯ!” ಅಜ್ಜಿಗೆ ಆರು. ಇಬ್ಬರ ಲೆಕ್ಕವೂ ಬೆರಳುಗಳ ಮೇಲೆ ಬಹಳ ಹೊತ್ತು ನಡೆಯಿತು, ಯಾವ ಮಗುವಿಗೆ ಎಷ್ಟು ವಯಸ್ಸು, ಯಾರು ಹೆಣ್ಣು, ಯಾರು ಗಂಡು. ಎಲ್ಲ ಪ್ರಶ್ನೆಗಳ ಉತ್ತರವೂ ಅಂಕಿಯೇ ಆದ್ದರಿಂದ ಅತ್ತಿಗೆ ಎಲ್ಲೂ ತಡವರಿಸಲಿಲ್ಲ.

ಕೊನೆಗೆ ಅಜ್ಜಿ ನನ್ನತ್ತ ತಿರುಗಿ “ಪೋಸೊನ್ ಖ್ರೊನೋನ್;” ಎಂದರು. ನಿನಗೆಷ್ಟು ವರ್ಷ? ನಾನು ಸಮುದ್ರ ನೋಡುತ್ತ ಕೇಳಿಸದವಳಂತೆ ಕೂತೆ. “ಪೆನೀಂದ ತೇಸೆರ” ಎಂದರು ಅತ್ತಿಗೆ. ಐವತ್ತನಾಲ್ಕು. ವ್ಯಾಕರಣದ ಪ್ರಕಾರ ಅಲ್ಲಿ ನಾಲ್ಕರ ವಿಭಕ್ತಿ ಬದಲಾಗಬೇಕು. ಅಜ್ಜಿಗೆ ಅದರ ಚಿಂತೆಯಿರಲಿಲ್ಲ, ತಲೆಯಾಡಿಸಿದರು. ಅತ್ತಿಗೆಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನನ್ನ ಹುಟ್ಟಿದ ತಿಂಗಳನ್ನು ಮನಸ್ಸಿನಲ್ಲೇ ಎಣಿಸಿ, ತಿದ್ದಿದರು: “ಓಹಿ, ಓಹಿ. ಪೆನೀಂದ ತೆಸೆರಾಮಿಸಿ.”